ಜನರೇಟರ್ ಟ್ರೇಲರ್ ಎಳೆಯುವ ಎಸ್‌ಯುವಿ ಹಿಂದೆ ಕುಸಿದರೆ: ಸ್ಪ್ರಿಂಗ್‌ಗಿಂತ ಮೊದಲು ತೂಕ

ಹುಬ್ಬಳ್ಳಿ ಸುತ್ತಮುತ್ತ ಮದುವೆ, ಜಾತ್ರೆ, ಸಭೆಗಳಿಗೆ ಜನರೇಟರ್ ಬಾಡಿಗೆ ಕೊಡೋದು ನಮ್ಮ ಕಸುಬು. 25 ಕೆವಿಎ ಸೈಲೆಂಟ್ ಸೆಟ್, ಅದನ್ನು ಕೂರಿಸಿದ ಎರಡು ಚಕ್ರದ ಟ್ರೇಲರ್, ಎಳೆಯೋಕೆ ಒಂದು ಹಳೆಯ ಏಳು ಸೀಟಿನ ಎಸ್‌ಯುವಿ. ಗಾಡಿ ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಲ್ಯಾಡರ್ ಚಾಸಿ ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟು, ಹಿಂದೆ ಎರಡೂ ಚಕ್ರ ಸೇರಿಸುವ ಗಟ್ಟಿ ಆಕ್ಸಲ್, ಅದರ ಮೇಲೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಸ್ಕಾರ್ಪಿಯೋ, ಸಫಾರಿ ಸ್ಟಾರ್ಮ್, ಫಾರ್ಚೂನರ್ ಎಲ್ಲದರಲ್ಲೂ ಮೂಲ ಜೋಡಣೆ ಇದೇ. ಹಾಗಾಗಿ ಇಲ್ಲಿ ಬರೆದದ್ದು ಅವಕ್ಕೂ ಹೊಂದುತ್ತದೆ.

ತೊಂದರೆ ಏನಪ್ಪಾ ಅಂದ್ರೆ, ಟ್ರೇಲರ್ ಕೊಂಡಿ ಹಾಕಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಕೂರುತ್ತಿತ್ತು. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆದೆ. ಖಾಲಿ ಇದ್ದಾಗಿನದಕ್ಕಿಂತ 70 ಮಿಲಿಮೀಟರ್ ಕಡಿಮೆ. ಮುಂದೆ 20 ಮಿಲಿಮೀಟರ್ ಎದ್ದಿತ್ತು. ರಾತ್ರಿ ಎದುರಿಗೆ ಬರೋರು ಡಿಪ್ಪರ್ ಹೊಡೆದು ಬೈಯ್ಕೊಂಡು ಹೋಗೋರು. ನಮ್ಮ ಲೈಟು ಡಿಮ್‌ನಲ್ಲೇ ಇರುತ್ತಿತ್ತು, ಆದರೆ ಗಾಡಿಯ ಮೂತಿಯೇ ಆಕಾಶ ನೋಡ್ತಿದ್ರೆ ಡಿಮ್ ಏನು, ಬ್ರೈಟ್ ಏನು. ಅದಕ್ಕಿಂತ ಹೆದರಿಸಿದ್ದು ಸ್ಟೀರಿಂಗ್. ಲಾರಿ ಪಕ್ಕದಲ್ಲಿ ದಾಟಿದಾಗ ಕೈಯಲ್ಲಿ ಹಿಡಿತವೇ ಇಲ್ಲದಷ್ಟು ಹಗುರ ಆಗ್ತಿತ್ತು.

ಶಿವರಾತ್ರಿಯ ಸಿದ್ಧಾರೂಢ ಜಾತ್ರೆ ಮುಗಿದ ಮೇಲೆ ಸ್ವಲ್ಪ ಬಿಡುವು ಸಿಕ್ಕಿತು. ಮೊದಲು ವಿಚಾರಿಸಿದ್ದು ಆಕ್ಸೆಸರಿ ಅಂಗಡಿಯಲ್ಲಿ.

"ಅಣ್ಣಾರ, ಬಫರ್ ಹಾಕಸ್ರಿ. ಅರ್ಧ ತಾಸಿನ್ಯಾಗ ಗಾಡಿ ಮ್ಯಾಲೆ ಬರ್ತೈತಿ."

ಬಫರ್ ಅಂದರೆ ಕಾಯಿಲ್ ಸುತ್ತುಗಳ ನಡುವೆ ತೂರಿಸುವ ರಬ್ಬರ್ ತುಂಡು. ಗಾಡಿ ಮೇಲೆ ಬರೋದು ನಿಜ. ಆದರೆ ಅದು ಕೂತ ಜಾಗದ ಸುತ್ತು ಆಮೇಲೆ ಕೆಲಸ ಮಾಡೋದಿಲ್ಲ. ಅದರ ಪಾಲಿನ ಬಾಗುವಿಕೆಯನ್ನೂ ಉಳಿದ ಸುತ್ತುಗಳೇ ಹೊರಬೇಕು. ದಿನಾ ಭಾರ ಎಳೆಯೋ ಗಾಡಿಗೆ ಇದು ನನಗೆ ಒಪ್ಪಿಗೆ ಆಗಲಿಲ್ಲ. ಇನ್ನೊಬ್ಬರು ಸ್ಪ್ರಿಂಗ್ ಕೆಳಗೆ ಪ್ಯಾಕಿಂಗ್ ಕೊಡಿ ಅಂದರು. ಪ್ಯಾಕಿಂಗ್ ಕೊಟ್ಟರೆ ಗಾಡಿ ಎತ್ತರ ಆಗುತ್ತೆ, ಗಟ್ಟಿ ಆಗೋದಿಲ್ಲ. ಭಾರ ಬಿದ್ದಾಗ ಮೊದಲಿನಷ್ಟೇ ಇಳಿಯುತ್ತೆ, ಖಾಲಿ ಇದ್ದಾಗ ಸುಮ್ನೆ ಹಿಂಭಾಗ ಎತ್ತಿಕೊಂಡು ನಿಲ್ಲುತ್ತೆ. ಇನ್ನು ದಪ್ಪ ಸ್ಪ್ರಿಂಗ್ ಹಾಕಿಸಿದರೆ ಖಾಲಿ ಬರುವಾಗ ಸೊಂಟ ಹೋಯ್ತು ಅಂತಲೇ ಲೆಕ್ಕ.

ಇವರೆಲ್ಲ ಸ್ಪ್ರಿಂಗ್ ಬಗ್ಗೆಯೇ ಮಾತಾಡಿದರು. ಸ್ಪ್ರಿಂಗ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಯಾರೂ ಕೇಳಲಿಲ್ಲ. ಅದು ಗೊತ್ತಿಲ್ಲದೆ ಏನೇ ಹಾಕಿದರೂ ಕುರುಡು ಕೆಲಸ. ಅದಕ್ಕೇ ಬೆಳಿಗ್ಗೆ ಬೇಗ ಟ್ರೇಲರ್ ಸಮೇತ ಅಮರಗೋಳದ ಎಪಿಎಂಸಿ ಕಡೆ ಹೋದೆ. ಅಲ್ಲಿ ಲಾರಿ ತೂಗುವ ದೊಡ್ಡ ಕಾಟಾ, ಅಂದರೆ ವೇಬ್ರಿಡ್ಜೂ ಸಿಗುತ್ತೆ, ಕಾಳಿನ ಅಂಗಡಿಗಳ ಚಿಕ್ಕ ಕಾಟಾನೂ ಸಿಗುತ್ತೆ. ಎರಡೂ ಬೇಕು.

ವೇಬ್ರಿಡ್ಜ್ ಮೇಲೆ ಇಡೀ ಗಾಡಿ ಹತ್ತಿಸಿ ಒಂದು ಚೀಟಿ ತಗೊಂಡು ಬಂದರೆ ಪ್ರಯೋಜನ ಇಲ್ಲ. ಒಂದೊಂದು ಆಕ್ಸಲ್ ಬೇರೆ ಬೇರೆ ತೂಗಬೇಕು. ಮೊದಲು ಟ್ರೇಲರ್ ಬಿಚ್ಚಿಟ್ಟು, ಎಸ್‌ಯುವಿಯ ಮುಂದಿನ ಚಕ್ರ ಮಾತ್ರ ಕಾಟಾ ಮೇಲೆ ತಂದೆ: 1060 ಕೆಜಿ. ಮುಂದೆ ಸರಿಸಿ ಹಿಂದಿನ ಚಕ್ರ ಮಾತ್ರ: 1010. ಆಮೇಲೆ ಟ್ರೇಲರ್ ಕಟ್ಟಿ ಮತ್ತೆ ಹಾಗೇ ತೂಗಿದೆ. ಮುಂದೆ 950, ಹಿಂದೆ 1360. ಕಾಟಾದ ಹುಡುಗನಿಗೆ ನನ್ನ ಆಟ ಅರ್ಥ ಆಗಲಿಲ್ಲ. "ಕಾಕಾರ, ಪೂರ್ತಿ ಹತ್ತಸ್ರಿ, ಹಿಂಗ ಅರ್ಧಮರ್ಧ ತೂಗಿದ್ರ ಚೀಟಿ ಹೆಂಗ ಕೊಡ್ಲಿ?" ಅಂದ. ಚೀಟಿ ಬೇಡ, ಆಕಡೆ ಕಾಣೋ ನಂಬರ್ ಸಾಕು ಅಂತ ಸಮಾಧಾನ ಮಾಡಿದೆ. ಕಾಟಾ ನೆಲಕ್ಕೆ ಸಮ ಇರಬೇಕು, ಇಲ್ಲದಿದ್ರೆ ಆಕ್ಸಲ್ ಲೆಕ್ಕ ತಪ್ಪುತ್ತೆ. ಅಲ್ಲಿ ಸಮ ಇತ್ತು.

ಹಿಂದೆ 350 ಕೆಜಿ ಏರಿದೆ, ಮುಂದೆ 110 ಕೆಜಿ ಇಳಿದಿದೆ. ಈ 110 ಕೆಜಿಯೇ ಸ್ಟೀರಿಂಗ್ ಹಗುರ ಆಗೋಕೆ ಕಾರಣ. ಮುಂದಿನ ಟೈರು ನೆಲವನ್ನು ಒತ್ತೋದು ಕಡಿಮೆಯಾದರೆ ತಿರುವಿನಲ್ಲಿ ಹಿಡಿತ ಕಡಿಮೆ, ಬ್ರೇಕ್ ಹಿಡಿದಾಗಲೂ ಕಡಿಮೆ.

ಹಾಗಿದ್ರೆ ಕೊಂಡಿಯ ಮೇಲೆ ಎಷ್ಟು ಭಾರ? ಪರಿಚಯದ ಕಾಳಿನ ಅಂಗಡಿಯಲ್ಲಿ 300 ಕೆಜಿ ತೂಗುವ ಎಲೆಕ್ಟ್ರಾನಿಕ್ ಕಾಟಾ ಇತ್ತು. ಮುಂಜಾನೆ ಇನ್ನೂ ಸವಾಲು (ಹರಾಜು) ಶುರು ಆಗಿರಲಿಲ್ಲ, ಶೇಂಗಾ ಚೀಲಗಳು ಒಂದು ಬದಿಗಿದ್ದವು. ಕಾಟಾದ ತಟ್ಟೆ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಕಬ್ಬಿಣದ ಪೈಪಿನ ತುಂಡು ನಿಲ್ಲಿಸಿ, ಟ್ರೇಲರ್ ಕೊಂಡಿಯನ್ನು ಅದರ ಮೇಲೆ ಇಳಿಸಿದೆವು. ಪೈಪಿನ ಉದ್ದ ಮೊದಲೇ ಅಳೆದು ಕತ್ತರಿಸಿದ್ದೆ. ಗಾಡಿಗೆ ಕಟ್ಟಿದಾಗ ಕೊಂಡಿ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರದಲ್ಲಿ ತೂಗಬೇಕು. ಮೂತಿ ಕೆಳಗಾದರೆ ತೂಕ ಜಾಸ್ತಿ ತೋರಿಸುತ್ತೆ, ಮೇಲಾದರೆ ಕಡಿಮೆ. ಟ್ರೇಲರ್ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದೆವು. ಕೆಂಪು ಅಂಕಿಗಳು ಒಂದಿಷ್ಟು ಕುಣಿದು 240ಕ್ಕೆ ನಿಂತವು.

ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದ ಹಿರಿಯ ಹಮಾಲರೊಬ್ಬರು ಅಂಕಿ ನೋಡಲೇ ಇಲ್ಲ. ಟ್ರೇಲರ್ ನೋಡಿ, "ಮುಂಭಾರ ಭಾಳ ಆಗೇತಿ ತಮ್ಮಾ. ಚಕ್ಕಡಿ ಹಿಂಗ ಹೇರಿದ್ರ ಎತ್ತು ಉಳಿತಾವೇನು?" ಅಂದರು.

ಅಷ್ಟೇ ವಿಷಯ. ಚಕ್ಕಡಿಯಲ್ಲಿ ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹೋಗುತ್ತೆ. ಹಿಂಭಾರ ಆದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತೆ. ಟ್ರೇಲರ್‌ಗೂ ಇದೇ ನಿಯಮ. ಒಟ್ಟು ತೂಕದ ಶೇಕಡಾ 10ರಿಂದ 15 ಕೊಂಡಿಯ ಮೇಲೆ ಇರಲಿ ಅನ್ನೋದು ಅಮೆರಿಕದವರ ಲೆಕ್ಕ. ಯುರೋಪಿನವರು ಇನ್ನೂ ಕಡಿಮೆ ಇಡ್ತಾರೆ, ಆದರೆ ಅವರ ಟ್ರೇಲರ್ ಆಕಾರ, ವೇಗದ ಮಿತಿ ಎಲ್ಲ ಬೇರೆ. ನಮ್ಮ ಟ್ರೇಲರ್ ಒಟ್ಟು 1300 ಕೆಜಿ. 240 ಅಂದರೆ ಶೇಕಡಾ 18ಕ್ಕೂ ಮೇಲೆ.

ಮತ್ತೆ 240 ಹೇಗೆ 350 ಆಯ್ತು? ಟ್ರೇಲರ್ ಕೊಂಡಿ ಕೂರುವ ಗಾಡಿಯ ಬಾಲ್ (ಉಕ್ಕಿನ ಗುಂಡು) ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ. ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ, 2.7 ಮೀಟರ್. ಬಾಲ್ ಮೇಲೆ ಒತ್ತಿದರೆ ಹಿಂದಿನ ಆಕ್ಸಲ್ ನಡುವಿನ ಆಸರೆಯಾಗಿ ಮುಂಭಾಗ ಮೇಲೇಳುತ್ತೆ. 240ನ್ನು 1.2ರಿಂದ ಗುಣಿಸಿ 2.7ರಿಂದ ಭಾಗಿಸಿ: ಸುಮಾರು 107. ಅಷ್ಟು ಮುಂದಿನಿಂದ ಕಿತ್ತುಕೊಂಡು ಹಿಂದೆ ಸೇರುತ್ತೆ. 240 ಮತ್ತು 107 ಕೂಡಿದರೆ 347. ಕಾಟಾ 10 ಕೆಜಿ ಹೆಜ್ಜೆಯಲ್ಲಿ ತೋರಿಸಿದ್ದಕ್ಕೂ ಇದಕ್ಕೂ ತಾಳೆ ಆಯ್ತು. ಲೆಕ್ಕ, ಕಾಟಾ ಎರಡೂ ಒಂದೇ ಹೇಳಿದಾಗ ಸಿಗೋ ಖುಷಿಯೇ ಬೇರೆ.

ಇನ್ನು ಟ್ರೇಲರ್ ಕಡೆಗೆ. ನೋಡಿದರೆ ಎರಡು ಕಾರಣ ಎದ್ದು ಕಂಡವು. ಒಂದು, ಎಳೆಯುವ ತ್ರಿಕೋನದ ಮೇಲೆ ಕೂತ ಕೇಬಲ್ ಪೆಟ್ಟಿಗೆ. ತಾಮ್ರದ ಕೇಬಲ್ ಸುರುಳಿ, ಪಾನಾ, ಚೇಂಜ್‌ಓವರ್ ಸ್ವಿಚ್ಚು ಎಲ್ಲ ಸೇರಿ 60 ಕೆಜಿ. ಟ್ರೇಲರ್ ಆಕ್ಸಲ್‌ನಿಂದ 2.1 ಮೀಟರ್ ಮುಂದೆ. ಕೊಂಡಿ ಆಕ್ಸಲ್‌ನಿಂದ 2.8 ಮೀಟರ್. ಅಂದ್ರೆ ಈ ಪೆಟ್ಟಿಗೆಯೊಂದೇ ಕೊಂಡಿಗೆ 45 ಕೆಜಿ ಕೊಡ್ತಿತ್ತು. ಕೈಗೆ ಸುಲಭ ಸಿಗಲಿ ಅಂತ ಎಲ್ಲರೂ ಪೆಟ್ಟಿಗೆ ಅಲ್ಲೇ ಇಡೋದು. ಎರಡನೆಯದು ಜನರೇಟರ್. 850 ಕೆಜಿಯ ಸೆಟ್‌ನ ಭಾರದ ನಡು ಆಕ್ಸಲ್‌ಗಿಂತ ಜಾಸ್ತಿಯೇ ಮುಂದಿತ್ತು.

ಗೋಕುಲ ರಸ್ತೆಯ ಕಡೆ ಒಬ್ಬ ವೆಲ್ಡರ್ ಇದ್ದಾನೆ, ಮಾತು ಕಮ್ಮಿ, ಕೆಲಸ ನೀಟು. ಸೆಟ್ಟನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಹಿಡಿದು, ಅಡಿಯ ಎರಡು ಅಡ್ಡ ಚಾನಲ್ ಕತ್ತರಿಸಿ 15 ಸೆಂಟಿಮೀಟರ್ ಹಿಂದೆ ಕೂರಿಸಿದ. ಹಳೆಯ ರಬ್ಬರ್ ಮೌಂಟಿಂಗ್ ಒಡೆದಿದ್ದವು, ಅವೂ ಬದಲಾದವು. ಪೆಟ್ಟಿಗೆಯನ್ನು ಆಕ್ಸಲ್‌ನ ನೇರಕ್ಕೆ, ಮಡ್‌ಗಾರ್ಡ್ ಮೇಲೆ ಎಡಕ್ಕೊಂದು ಬಲಕ್ಕೊಂದು ಎರಡಾಗಿ ಒಡೆದು ಕೂರಿಸಿದೆವು. 850 ಕೆಜಿ 15 ಸೆಂಟಿಮೀಟರ್ ಸರಿದರೆ ಕೊಂಡಿಯಲ್ಲಿ 45 ಕೆಜಿ ಇಳಿಯುತ್ತೆ, ಪೆಟ್ಟಿಗೆಯಿಂದ ಇನ್ನೊಂದು 45. ಮತ್ತೆ ಕಾಳಿನ ಅಂಗಡಿಗೆ ಹೋದಾಗ ಕಾಟಾ 150 ತೋರಿಸಿತು.

ವೆಲ್ಡರ್ ಕೇಳಿದ: "ಇನ್ನಷ್ಟ ಹಿಂದ ಸರಿಸೂಣೇನ್ರಿ? ಗಾಡಿಗೆ ಇನ್ನೂ ಹಗುರ ಆಕ್ಕೈತಿ." ಬೇಡ ಅಂದೆ. ಶೇಕಡಾ 10ರ ಕೆಳಗೆ ಹೋದರೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಮೊದಲು ಮೆಲ್ಲಗೆ ಎಡಬಲ ತೂಗುತ್ತೆ, ವೇಗ ಏರಿದಂತೆ ತೂಗಾಟ ದೊಡ್ಡದಾಗಿ ಕೊನೆಗೆ ಎಳೆಯೋ ಗಾಡಿಯನ್ನೇ ಅಡ್ಡ ಎಳೆದು ಹಾಕುತ್ತೆ. ಕುಸಿದ ಗಾಡಿ ಕಣ್ಣಿಗೆ ಕಾಣುತ್ತೆ, ರಿಪೇರಿ ಮಾಡಿಸ್ತೀವಿ. ತೂಗಾಡೋ ಟ್ರೇಲರ್ ನಿಂತಾಗ ಚೆನ್ನಾಗೇ ಕಾಣುತ್ತೆ. ಅದಕ್ಕೇ ಇದು ಜಾಸ್ತಿ ಅಪಾಯ. ಡೀಸೆಲ್ ಟ್ಯಾಂಕ್ ಎಲ್ಲಿದೆ ಅನ್ನೋದನ್ನೂ ನೋಡಬೇಕು. ನಮ್ಮ ಸೆಟ್‌ನಲ್ಲಿ ಅದು ಆಕ್ಸಲ್‌ಗೆ ಹತ್ತಿರ, ಹಾಗಾಗಿ ತುಂಬಿದ್ದರೂ ಖಾಲಿಯಿದ್ದರೂ ದೊಡ್ಡ ವ್ಯತ್ಯಾಸ ಇಲ್ಲ.

ಒಂದು ರೂಪಾಯಿಯ ಸಸ್ಪೆನ್ಶನ್ ಸಾಮಾನು ಹಾಕದೇ ಕುಸಿತ 70ರಿಂದ 45 ಮಿಲಿಮೀಟರ್‌ಗೆ ಬಂತು. ಆಕ್ಸಲ್ ತೂಕ ಮುಂದೆ 990, ಹಿಂದೆ 1230. ಹಿಂದಿನ ಆಕ್ಸಲ್ ಎಷ್ಟು ಹೊರಬಹುದು ಅಂತ ಗಾಡಿಯ ತಗಡಿನ ಪ್ಲೇಟಿನಲ್ಲಿ, ಮ್ಯಾನುವಲ್‌ನಲ್ಲಿ ಇರುತ್ತೆ, ಅದಕ್ಕೆ ಹೋಲಿಸಿ ನೋಡಿ. ಕೊಂಡಿಯ ಭಾರವೂ ಗಾಡಿ ಹೊರುವ ಲೋಡಿನ ಲೆಕ್ಕಕ್ಕೇ ಸೇರುತ್ತೆ. ಹಿಂದಿನ ಸೀಟಿನಲ್ಲಿ ಹುಡುಗರನ್ನು ತುಂಬಿಕೊಂಡು, ಡಿಕ್ಕಿಯಲ್ಲಿ ಫೋಕಸ್ ಲೈಟು ಪೇರಿಸಿದರೆ ಇಲ್ಲಿ ಉಳಿಸಿದ್ದು ಅಲ್ಲಿ ಹೋಯ್ತು.

ಉಳಿದ 45 ಮಿಲಿಮೀಟರ್‌ಗೆ ಏರ್ ಬ್ಯಾಗ್ ಹಾಕಿದೆ. ಅಪಘಾತದಲ್ಲಿ ಉಬ್ಬುವುದಲ್ಲ, ಕಾಯಿಲ್ ಒಳಗೆ ಕೂರುವ ಪಾಲಿಯುರೆಥೇನ್ ಬಲೂನು. ಭಾರ ಇದ್ದಾಗ ಗಾಳಿ ತುಂಬು, ಇಲ್ಲದಾಗ ಇಳಿಸು. ಖಾಲಿ ಗಾಡಿಯ ಓಟ ಮೊದಲಿನಂತೇ ಉಳಿಯುತ್ತೆ ಅನ್ನೋದು ನನಗೆ ಹಿಡಿಸಿದ ಗುಣ. ತಯಾರಕರು ಕೊಟ್ಟ ಮಿತಿ: ಕನಿಷ್ಠ 5 ಪಿಎಸ್‌ಐ, ಗರಿಷ್ಠ 35.

ಹಾಕೋ ಕೆಲಸ ಮನೆಯಲ್ಲೇ ಆಗುತ್ತೆ. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ಬಿಚ್ಚಿ ಆಕ್ಸಲ್ ಕೆಳಗೆ ಇಳಿಬಿಟ್ಟೆ. ಕಾಯಿಲ್ ಸಡಿಲಾಗಿ ಸುತ್ತುಗಳ ನಡುವೆ ಜಾಗ ತೆರೆಯಿತು. ಬ್ಯಾಗಿನ ಗಾಳಿಯೆಲ್ಲ ಹಿಂಡಿ ಬೂಚು ಹಾಕಿ, ಉದ್ದಕ್ಕೆ ಸುರುಳಿ ಸುತ್ತಿ ಸುತ್ತುಗಳ ನಡುವಿನಿಂದ ತೂರಿಸಬೇಕು. ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಂಡರೆ ಕೈ ಕಮ್ಮಿ ನೋಯುತ್ತೆ. ಕಾಯಿಲ್‌ಗೆ ಹತ್ತಿದ ಮಣ್ಣು, ತುಕ್ಕಿನ ಚಕ್ಕೆ ಮೊದಲೇ ತಂತಿ ಬ್ರಷ್‌ನಿಂದ ಉಜ್ಜಿ ತೆಗೆದಿದ್ದೆ. ಒಂದು ಚೂಪು ಚಕ್ಕೆ ಸಾಕು ಬ್ಯಾಗ್ ತೂತಾಗೋಕೆ. ಒಳಗೆ ಹೋದ ಮೇಲೆ ಬೂಚು ತೆಗೆದರೆ ಅದು ತಾನಾಗೇ ಬಿಚ್ಚಿಕೊಂಡು ಕಾಯಿಲ್ ತುಂಬ ನಿಂತಿತು. ಗಾಳಿ ಪೈಪನ್ನು ಹೊಸ ಬ್ಲೇಡಿನಿಂದ ನೇರಕ್ಕೆ ಕತ್ತರಿಸಬೇಕು, ಓರೆಯಾದರೆ ಸೋರುತ್ತೆ. ಸೈಲೆನ್ಸರ್ ಇರುವ ಬದಿಯಲ್ಲಿ ಪೈಪನ್ನು ಚಾಸಿಯ ಆಚೆ ಮಗ್ಗುಲಿಗೆ ಒಯ್ದು ಟ್ಯಾಗ್ ಬಿಗಿದೆ. ಚಾಸಿಗೆ ಹೊಸ ತೂತು ಒಂದೂ ಹೊಡೆದಿಲ್ಲ.

ಎರಡು ಬ್ಯಾಗಿಗೆ ಎರಡು ಬೇರೆ ವಾಲ್ವ್ ಇಟ್ಟೆ, ನಂಬರ್ ಪ್ಲೇಟಿನ ಎಡಬಲಕ್ಕೆ. ಟಿ ಆಕಾರದ ಜೋಡಣೆ ಹಾಕಿ ಎರಡಕ್ಕೂ ಒಂದೇ ವಾಲ್ವ್ ಮಾಡಿದರೆ ಖರ್ಚು ಕಡಿಮೆ. ಆದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತೆ. ಗಾಳಿಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಬ್ಯಾಗಿನಲ್ಲಿ ಹಿಡಿಯೋ ಗಾಳಿಯೇ ಸ್ವಲ್ಪ, ಒಂದು ಸಲ ಒತ್ತಿದರೆ ಮಿತಿ ದಾಟಿಬಿಡುತ್ತೆ. ಸೈಕಲ್ ಪಂಪು ಸಾಕು. ಆಮೇಲೆ ಎಲ್ಲ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದೆ.

18 ಪಿಎಸ್‌ಐಗೆ ಕುಸಿತ 15 ಮಿಲಿಮೀಟರ್‌ಗೆ ಬಂತು. ಇನ್ನೂ ತುಂಬಿದರೆ ಸಪಾಟಾಗಿ ನಿಲ್ಲುತ್ತಿತ್ತು. ನಾನು ಬೇಕಂತಲೇ ಅಲ್ಲಿಗೆ ನಿಲ್ಲಿಸಿದೆ. ಕಾರಣ ಬ್ರೇಕು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಇಂಥ ಹಳೆಯ ಗಾಡಿಗಳ ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ವಾಲ್ವ್ ಇರುತ್ತೆ. ಎಲ್‌ಎಸ್‌ಪಿವಿ, ಅಂದರೆ ಲೋಡ್ ಸೆನ್ಸಿಂಗ್ ಪ್ರಪೋರ್ಷನಿಂಗ್ ವಾಲ್ವ್ ಅಂತಾರೆ. ಆಕ್ಸಲ್‌ನಿಂದ ಒಂದು ಕಡ್ಡಿ ಅದಕ್ಕೆ ಸೇರಿರುತ್ತೆ. ಗಾಡಿ ಕೆಳಗೆ ಕೂತಷ್ಟೂ ಲೋಡ್ ಜಾಸ್ತಿ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತೆ. ಅದಕ್ಕೆ ಗೊತ್ತಿರೋದು ಎತ್ತರ ಮಾತ್ರ, ತೂಕ ಅಲ್ಲ. ಬ್ಯಾಗಿನಿಂದ ಗಾಡಿಯನ್ನು ಪೂರ್ತಿ ಮೇಲೆತ್ತಿದರೆ ಗಾಡಿ ಖಾಲಿ ಅಂತ ನಂಬಿ ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಕಡ್ಡಿಯನ್ನೇ ಲೋಡಿಗೆ ಸರಿಯಾಗಿ ಹೊಂದಿಸೋಣ ಅಂದ್ರೆ, ಟ್ರೇಲರ್ ಇಲ್ಲದ ದಿನ ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗುತ್ತೆ. ಹಾಗಾಗಿ ಕಡ್ಡಿ ಮುಟ್ಟಲಿಲ್ಲ, ಸ್ವಲ್ಪ ಕುಸಿತ ಉಳಿಸಿಕೊಂಡೆ. ಬಫರ್ ಮಾರೋರು, ಪ್ಯಾಕಿಂಗ್ ಹಾಕೋರು ಯಾರೂ ಈ ಕಡ್ಡಿಯ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ಇದಾದ ಮೇಲೆ ಮತ್ತೆ ಅಮರಗೋಳಕ್ಕೆ ಹೋಗಿ ತೂಗಿದೆ. ಕಾಟಾದ ಹುಡುಗ ಈ ಸಲ ನಗುತ್ತಲೇ ಬಂದ. ಮುಂದೆ 990, ಹಿಂದೆ 1230. ಬ್ಯಾಗ್ ಇಲ್ಲದಾಗ ಎಷ್ಟಿತ್ತೋ ಅಷ್ಟೇ! ಗಾಡಿ ನೋಡೋಕೆ ನೆಟ್ಟಗಾಗಿದೆ, ಲೈಟು ರಸ್ತೆಗೆ ಬೀಳುತ್ತಿದೆ, ಆದರೆ ಮುಂದಿನ ಚಕ್ರಕ್ಕೆ ಒಂದು ಕೆಜಿಯೂ ವಾಪಸ್ ಬಂದಿಲ್ಲ. ಬರೋದೂ ಇಲ್ಲ. ಬ್ಯಾಗು, ಬಫರು, ದಪ್ಪ ಸ್ಪ್ರಿಂಗು ಎಲ್ಲ ಎತ್ತರ ಸರಿ ಮಾಡುತ್ತವೆ, ಅಷ್ಟೇ. ತೂಕ ಮುಂದಕ್ಕೆ ಕಳಿಸೋಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕು. ಅದರಲ್ಲಿ ಎರಡು ಉದ್ದನೆಯ ಸ್ಪ್ರಿಂಗ್ ಸರಳುಗಳಿದ್ದು, ಕೊಂಡಿಯ ಹತ್ತಿರ ಗಾಡಿಯನ್ನು ಸನ್ನೆ ಹಾಕಿ ಎತ್ತುತ್ತವೆ. ಆಗ ಭಾರದ ಒಂದಷ್ಟು ಪಾಲು ಮುಂದಿನ ಆಕ್ಸಲ್‌ಗೂ ಟ್ರೇಲರ್ ಆಕ್ಸಲ್‌ಗೂ ಹಂಚಿಹೋಗುತ್ತೆ. ನನಗೆ ಇಲ್ಲಿ ಅದು ಸಿಗಲಿಲ್ಲ. ನಕಲು ಮಾಡಿ ವೆಲ್ಡ್ ಮಾಡಿಸೋ ಧೈರ್ಯವೂ ಇಲ್ಲ, ಆ ಸರಳು ತುಂಡಾದರೆ ಯಾರ ಕಾಲಿಗೆ ಬೀಳುತ್ತೋ. ಕೊಂಡಿಯ ಭಾರ ಇಳಿಸಿದ್ದರಿಂದಲೇ ಮುಂದಿನ ನಷ್ಟ 110ರಿಂದ 70ಕ್ಕೆ ಇಳಿದಿದೆ. ಸದ್ಯಕ್ಕೆ ಸಾಕು.

ಟ್ರೇಲರ್ ಬ್ರೇಕಿನ ಕಥೆ ಚಿಕ್ಕದು. ಓವರ್‌ರನ್ ಬ್ರೇಕ್ ಇತ್ತು, ಅಂದರೆ ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಬಂದು ತಳ್ಳಿ, ಕೊಂಡಿಯ ಹಿಂದಿನ ಜಾರು ಕೊಳವೆ ಒಳಗೆ ಹೋಗಿ, ರಾಡ್ ಎಳೆದು ಡ್ರಮ್ ಬ್ರೇಕ್ ಹಿಡಿಯೋದು. ಕೊಳವೆಯೇ ತುಕ್ಕಿಗೆ ಕಚ್ಚಿಕೊಂಡಿತ್ತು. ಬಿಚ್ಚಿ, ಉಜ್ಜಿ, ಗ್ರೀಸ್ ತುಂಬಿ, ಲೈನರ್ ಬದಲಿಸಿ, ಬೇರಿಂಗ್‌ಗೂ ಹೊಸ ಗ್ರೀಸ್ ಹಾಕಿದೆ. ಕೊಂಡಿ ಕಳಚಿದರೆ ಬ್ರೇಕ್ ಎಳೆಯುವ ತಂತಿ, ಅಡ್ಡಡ್ಡ ಹಾಕುವ ಎರಡು ಸರಪಳಿ ಹೊಸವು. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ, ನಮ್ಮದು ಅದರ ಒಂದೂ ಮುಕ್ಕಾಲು ಪಟ್ಟು ಹತ್ತಿರ ಇದೆ. ಹಾಗೇ, ನಮ್ಮ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಜನರೇಟರ್ ಹೇರಿದೆ, ಅದಕ್ಕೆ ಕಾಗದ ಯಾಕೆ ಅನ್ನೋರು ಇದನ್ನು ನೆನಪಿಡಿ.

ಓಡಿಸಿ ನೋಡೋಕೆ ಅಣ್ಣಿಗೇರಿ ಮೇಲೆ ಗದಗ ರಸ್ತೆ ಹಿಡಿದೆ. ಎರೆ ಭೂಮಿಯ ಸೀಮೆ ಅದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಹಾಸಿದ ರಸ್ತೆ ಎಲ್ಲಿ ನೋಡಿದರೂ ಏರಿಳಿತ. ಗುಂಡಿ ಇಲ್ಲದಿದ್ದರೂ ಗಾಡಿ ಅಲೆ ಹತ್ತಿ ಇಳಿದಂತೆ ಹೋಗುತ್ತೆ. ಸ್ಟೀರಿಂಗ್‌ನಲ್ಲಿ ಹಿಡಿತ ಬಂದಿತ್ತು. ಲಾರಿ ದಾಟಿದಾಗ ಒಂದು ಸಣ್ಣ ತಳ್ಳು, ಅಷ್ಟೇ. ಆದರೆ ಪ್ರತಿ ಅಲೆ ಇಳಿದ ಮೇಲೆ ಹಿಂಭಾಗ ಒಂದು ಸಲ ಹೆಚ್ಚಿಗೆ ಕುಣಿಯುತ್ತಿತ್ತು. ಗಾಳಿಯ ಬ್ಯಾಗೂ ಒಂದು ಸ್ಪ್ರಿಂಗೇ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಸುಮ್ಮನಾಗಿಸೋ ಶಾಕ್ ಅಬ್ಸಾರ್ಬರ್‌ಗೆ ಕೆಲಸ ಜಾಸ್ತಿ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರೆ ಎಡಗಡೆಯ ಶಾಕ್‌ಗೆ ಎಣ್ಣೆ ಜಿನುಗಿ ಧೂಳು ಕಪ್ಪಾಗಿ ಮೆತ್ತಿತ್ತು. ಟ್ರೇಲರ್ ಹಬ್‌ಗಳನ್ನೂ ಮುಟ್ಟಿ ನೋಡಿದೆ. ಎರಡೂ ಉಗುರು ಬೆಚ್ಚಗಿದ್ದವು, ಬೇರಿಂಗ್ ಸರಿ ಕೂತಿವೆ ಅಂತಾಯ್ತು.

ಹಿಂದಿನ ಟೈರಿಗೆ ಬಾಗಿಲ ಸ್ಟಿಕರ್‌ನಲ್ಲಿರುವ ಫುಲ್ ಲೋಡ್ ಗಾಳಿ ಹಿಡಿಸಿದ್ದೇನೆ. ಟ್ರೇಲರ್ ಬಿಚ್ಚಿದ ಮೇಲೆ ಬ್ಯಾಗಿನ ಗಾಳಿ 6 ಪಿಎಸ್‌ಐಗೆ ಇಳಿಸ್ತೇನೆ. ಪೂರ್ತಿ ಬಿಟ್ಟರೆ ಬ್ಯಾಗ್ ಮಡಚಿ ಕಾಯಿಲ್ ಸುತ್ತಿನ ನಡುವೆ ಸಿಕ್ಕಿ ಹರಿಯುತ್ತೆ. ಶಾಕ್ ಜೋಡಿ ಆರ್ಡರ್ ಮಾಡಿದ್ದೇನೆ, ಒಂದೇ ಸೋರಿದರೂ ಎರಡೂ ಬದಲಿಸಬೇಕು. ಅವು ಬರೋವರೆಗೆ ಹುಬ್ಬಳ್ಳಿ, ಧಾರವಾಡ, ಗದಗ ಬಾಡಿಗೆ ಮಾತ್ರ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವ ಅಂಕೋಲಾ ಕಡೆಯ ಮದುವೆಯೊಂದಕ್ಕೆ ಕರೆ ಬಂದಿತ್ತು. ಅಲ್ಲಿಯದೇ ಸೆಟ್ ನೋಡ್ಕೊಳ್ರಿ ಅಂತ ಹೇಳಿಬಿಟ್ಟೆ.